ಓಣಿಯ ಮಗ್ಗಗಳು ನಿಂತ ಹೊತ್ತು

ಪೊಲೀಸ್ ಜೀಪಿನಲ್ಲಿ ಕೂತು ಕೆಲಸಕ್ಕೆ ಹೋಗುವ ಮಗಳ ಬಗ್ಗೆ ವತ್ಸಲಾಬಾಯಿಗೆ ಇದ್ದ ತಕರಾರು ಒಂದೇ. ಕೆಲಸ ಬೇಡ ಎಂದಲ್ಲ, ಜೀಪು ಬೇಡ ಎಂದೂ ಅಲ್ಲ. ಹಿಂದಿನ ಸೀಟಿನಲ್ಲಿ ಮಾತ್ರ ಕೂಡಬಾರದು.

"ಅಗ ಬಾಯಿ, ಹಿಂದ ಕೂತರ ನಿನ್ನ ಹಿಡಕೊಂಡ ಹೊಂಟಾರ ಅಂತ ಮಂದಿ ತಿಳ್ಕೋತಾರ. ಮುಂದ ಕೂತರ ನೀನ ಯಾರನ್ನೋ ಹಿಡೀಲಿಕ್ಕೆ ಹೊಂಟೀ ಅಂತಾರ. ಎರಡನೇದಕ್ಕ ಒಂದಿಷ್ಟು ಮರ್ಯಾದಿ ಅದ."

ಹೀಗಾಗಿ ಕೇತಕಿ ಮುಂದೆ ಕೂಡುತ್ತಿದ್ದಳು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾಗಿ ಪಳಗಿ, ತನ್ನೂರು ಜಮಖಂಡಿಗೇ ನೇಮಕವಾಗಿ ಬಂದಿದ್ದಳು. ಮನಸ್ಸು ಕೈಮೀರಿದವರ ಬಗ್ಗೆ ಠಾಣೆಗೆ ಕರೆ ಬಂದರೆ ಪೊಲೀಸರ ಜೊತೆ ಇವಳೂ ಹೋಗಬೇಕು, ಲಾಠಿಗಿಂತ ಮೊದಲು ಮಾತು ಇಳಿಯಬೇಕು ಎಂಬುದು ಏರ್ಪಾಡು. ಕಾಗದದಲ್ಲಿ ಅದಕ್ಕೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿತ್ತು. ಠಾಣೆಯಲ್ಲಿ ಎಲ್ಲರೂ 'ಮಾತಿನ ಜೀಪು' ಎನ್ನುತ್ತಿದ್ದರು. ಮುಧೋಳದಲ್ಲಿ ಬಸ್ಸಿನಿಂದ ಇಳಿಯಲೊಲ್ಲದೆ ಕೂತಿದ್ದ ಮಾಸ್ತರರನ್ನು, ಬೀಳಗಿಯಲ್ಲಿ ಹಿನ್ನೀರಿನ ದಂಡೆಗೆ ಹೋಗಿ ಕೂತಿದ್ದ ಹುಡುಗಿಯನ್ನು ಈ ಜೀಪು ಮನೆ ಮುಟ್ಟಿಸಿತ್ತು. ಎರಡೂ ಸಲ ಜೀಪು ಓಡಿಸಿದವನು ಹೆಡ್ ಕಾನ್ಸ್‌ಟೇಬಲ್ ಗಿರಮಲ್ಲಪ್ಪ. ಹುನ್ನೂರಿನ ಒಕ್ಕಲು ಮನೆಯವನು, ದೊಡ್ಡ ಮೀಸೆ, ದೊಡ್ಡ ಮನಸ್ಸು. ದೌರ್ಬಲ್ಯ ಒಂದೇ, ಸೈರನ್ನು.

ಅವತ್ತು ಊಟಕ್ಕೆ ಡಬ್ಬಿ ಬಿಚ್ಚುವ ಹೊತ್ತಿಗೆ ಕರೆ ಬಂತು. ಬನಹಟ್ಟಿಯ ನೇಕಾರರ ಓಣಿ. ಒಬ್ಬ ಮನುಷ್ಯ ತನ್ನ ಮಗ್ಗದ ಶೆಡ್ಡಿನ ಮಾಡಿನ ಮೇಲೆ ಹತ್ತಿ ನಿಂತು ಊರಿಗೆಲ್ಲ ಸೀರೆ ಎಸೆಯುತ್ತಿದ್ದಾನೆ.

"ಸೀರಿ?" ಎಂದಳು ಕೇತಕಿ.

"ಸೀರೀನ್ರಿ ಅಕ್ಕಾರ. ಹೊಸಾವು. ಮಂದಿ ಹಿಡ್ಯಾಕತ್ತೈತಂತ." ಗಿರಮಲ್ಲಪ್ಪ ಡಬ್ಬಿ ಮುಚ್ಚಿ ಗಾಡಿ ಏರಿದ. "ಕಲ್ಲ ಒಗ್ಯಾವ್ರನ್ನ ನೋಡೇನಿ. ಸೀರಿ ಒಗ್ಯಾವನ್ನ ಇದ ಮೊದಲ."

ಜೀಪು ಜಮಖಂಡಿ ದಾಟುವಾಗಲೇ ಸೈರನ್ನು ಕೂಗತೊಡಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯಂಚಿಗೆ ಸರಿದವು, ಎಮ್ಮೆಗಳು ಸರಿಯಲಿಲ್ಲ. ಕೇತಕಿಗೆ ಆಗುತ್ತಿದ್ದುದಕ್ಕೆ ಅಂಜಿಕೆ ಎಂಬ ಹೆಸರು ಸಾಲುತ್ತಿರಲಿಲ್ಲ. ಪರೀಕ್ಷೆಯ ಕೋಣೆಗೆ ಹೋಗುವಾಗ ಓದಿದ್ದೆಲ್ಲ ತುದಿಗಾಲಲ್ಲಿ ನಿಂತಿರುತ್ತದಲ್ಲ, ಹಾಗೆ.

"ಓಣಿ ಬಾಯಿಗೆ ಬಂದ ಕೂಡಲೆ ಬಂದ್ ಮಾಡ್ರಿ ಅದನ್ನ," ಎಂದಳು.

"ಮಾಡ್ತೇನ್ರಿ," ಎಂದ ಗಿರಮಲ್ಲಪ್ಪ, ಪೀಪಿ ಕಸಿದುಕೊಂಡವರಿಗೆ ಮಗು ಉತ್ತರ ಕೊಡುವ ದನಿಯಲ್ಲಿ.

ಸೈರನ್ನು ನಿಂತಾಗ ಅದರ ಜಾಗಕ್ಕೆ ಮಗ್ಗಗಳ ಸದ್ದು ಬಂತು. ಎರಡೂ ಬದಿಯ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ಖಟಪಟ ಖಟಪಟ ಎಂದು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಗೋಡೆ ಮುಟ್ಟಿದರೆ ಗೋಡೆ ನಡುಗುತ್ತಿತ್ತು. ಆ ಸದ್ದಿನ ಮೇಲೆ, ಹಳೆಯ ಸಿಮೆಂಟ್ ಶೀಟಿನ ಮಾಡಿನ ನೆತ್ತಿಯಲ್ಲಿ, ವಿಠೋಬಾ ನಿಂತಿದ್ದ. ಬನಿಯನ್ನು, ಮೊಣಕಾಲಿಗೆ ಕಟ್ಟಿದ ಲುಂಗಿ, ತಲೆಗೆ ಕೆಂಪು ದಡಿಯ ಸೀರೆಯ ಪಟಗಾ. ಸೀರೆಯ ಮಡಿಕೆಯ ಒಂದು ತುದಿ ಹಿಡಿದು ಬೀಸಿದನೆಂದರೆ ಅದು ಆಕಾಶದಲ್ಲೇ ಬಿಚ್ಚಿಕೊಂಡು ಕೆಳಗೆ ಇಳಿಯುತ್ತಿತ್ತು. ಕೆಳಗೆ ಓಣಿಯ ಹೆಂಗಸರು ಕೈ ಚಾಚಿದ್ದರು. ಮೇಲಿನವನ ಪ್ರಾಣದ ಬಗ್ಗೆ ಅವರಿಗೂ ಚಿಂತೆಯಿತ್ತು, ಆದರೆ ಸೀರೆ ನೆಲಕ್ಕೆ ಬಿದ್ದು ಮಣ್ಣಾಗಲಿ ಎಂದು ಯಾರು ತಾನೇ ಬಿಟ್ಟಾರು?

"ಬರ್ರಿ, ಬರ್ರಿ!" ವಿಠೋಬಾ ಮಗ್ಗದ ಸದ್ದು ಮೀರಿಸಿ ಕೂಗುತ್ತಿದ್ದ. "ಇವತ್ತ ಬನಹಟ್ಟಿಗೆಲ್ಲಾ ಉಡಸ್ತೇನಿ! ರಬಕವಿಗೂ ಉಡಸ್ತೇನಿ! ಕೃಷ್ಣಾ ಹೊಳಿಗೂ ಒಂದ ಸೀರಿ, ಈ ದಂಡಿಯಿಂದ ಆ ದಂಡಿಗೆ!"

ಅವನ ಹೆಂಡತಿ ಶೇವಂತಿ ಜೀಪಿನ ಬಾಗಿಲಿಗೇ ಬಂದು ನಿಂತಳು. ತೆಳ್ಳಗಿನ, ಗಟ್ಟಿ ದನಿಯ ಹೆಂಗಸು. ಮಗ್ಗದ ಊರಿನಲ್ಲಿ ಮೆಲುದನಿಯವರು ಬಾಳುವುದು ಕಷ್ಟ.

"ರಾತ್ರಿ ನಿದ್ದಿ ಇಲ್ರಿ, ಹಗಲ ನಿದ್ದಿ ಇಲ್ರಿ. ಆರಾಮ ಆಗೇನಿ ಅಂತ ಗುಳಿಗಿ ಬಿಟ್ಟರು. ನೇದದ್ದ ನೇದರು, ನಕ್ಕದ್ದ ನಕ್ಕರು. ಹಿಂದೊಮ್ಮಿ ಹಿಂಗ ಆದಾಗ ಓಣಿಯವರ ಹಿಡದು, ಹಗ್ಗಾ ಬಿಗದು, ಟೆಂಪೋದಾಗ ಒಗದು ದವಾಖಾನಿಗೆ ಒಯ್ದಿದ್ರು. ಆರಾಮ ಆಗಿ ಬಂದ್ರು, ಖರೆ. ಆದ್ರ ಒಂದ ವರ್ಷ ಈ ಓಣ್ಯಾಗ ತಲಿ ಎತ್ತಿ ನಡೀಲಿಲ್ರಿ." ಅವಳು ಕೇತಕಿಯ ಮುಂಗೈ ಹಿಡಿದಳು. "ಈ ಸಲ ಹಂಗ ಒಯ್ಯಬ್ಯಾಡ್ರಿ, ಯವ್ವಾ."

"ಇಲ್ಲ. ತಮ್ಮ ಕಾಲಲೇ ನಡಕೋತ ಬರ್ತಾರ, ಎಲ್ಲಾರ ಮುಂದ. ನಾ ಮಾತ ಕೊಟ್ಟೀನಿ," ಎಂದುಬಿಟ್ಟಳು ಕೇತಕಿ. ಕೈಯಲ್ಲಿಲ್ಲದ ಮಾತನ್ನು ಕೊಡಬಾರದು ಎಂಬುದು ತರಬೇತಿಯ ಮೊದಲ ಪಾಠ. ಅದು ನೆನಪಾದದ್ದು ಮಾತು ಕೊಟ್ಟ ಮೇಲೆ.

ಎದುರು ಮನೆಯ ಪಾಂಡಪ್ಪ ಆಗಲೇ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಹಿಂದಿನ ಸಲ ಮುಂದಾಳುತನ ವಹಿಸಿದ್ದವನು ಅವನೇ.

"ಹೂಂ ಅನ್ರಿ ಸಾಹೇಬ್ರ, ನಾಕ ಮಂದಿ ಏರಿ ಹಿಡಕೊಂಡ ಬರ್ತೇವಿ."

ಗಿರಮಲ್ಲಪ್ಪ ಮಾಡು ನೋಡಿದ, ಪಾಂಡಪ್ಪನ ಹೊಟ್ಟೆ ನೋಡಿದ. "ಆ ಪತ್ರಾಸ ಒಬ್ಬಾವನ್ನ ಹೊತ್ತದ್ದ ದೊಡ್ಡದು, ಕಾಕಾ. ನೀವು ಏರಿದ್ರ ಐದೂ ಮಂದಿನ ಕೂಡೇ ಮಗ್ಗದ ಮ್ಯಾಲ ಬೀಳ್ತೀರಿ. ಹಗ್ಗಾ ಇಳಸ್ರಿ."

ಕೇತಕಿ ಮೇಲೆ ನೋಡಿ ಕೂಗಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಶೀಟು ಒಡೆದರೆ ವಿಠೋಬಾ ಬೀಳುವುದು ಓಡುತ್ತಿರುವ ಮಗ್ಗದ ಮೇಲೆ, ಒಳಗೆ ಅವನ ಮಗ್ಗವಿನ್ನೂ ಓಡುತ್ತಲೇ ಇತ್ತು. ಗದ್ದಲ ಇಳಿಸಿರಿ, ಅಪಾಯ ದೂರ ಮಾಡಿರಿ, ಒಬ್ಬರೇ ಮೆಲ್ಲಗೆ ಮಾತಾಡಿರಿ. ತರಬೇತಿಯ ಮೂರೂ ಸೂತ್ರಗಳು ಒಂದೇ ಕಡೆ ಬೆರಳು ಮಾಡುತ್ತಿದ್ದವು.

"ಮಗ್ಗಾ ಬಂದ್ ಮಾಡಸ್ರಿ," ಎಂದು ಅವಳು ಗಿರಮಲ್ಲಪ್ಪನ ಕಿವಿಗೆ ಕೂಗಿದಳು. "ಇಡೀ ಓಣೀದು!"

ಗಿರಮಲ್ಲಪ್ಪ ಟೋಪಿ ಸರಿಮಾಡಿಕೊಂಡು ಓಣಿಯ ಬಾಯಿಂದ ಶುರು ಮಾಡಿದ. ಒಂದು ಮನೆಯ ಬಾಗಿಲಲ್ಲಿ ನಿಂತು ಕೈ ಮಾಡುವುದು, ಒಳಗಿನ ಮಗ್ಗ ನಿಲ್ಲುವುದು, ಮುಂದಿನ ಮನೆ. ಒಂದೊಂದಾಗಿ ಸದ್ದು ಅಡಗುತ್ತ ಬಂತು. ಕೊನೆಗೆ ಶೇವಂತಿ ತಮ್ಮ ಮಗ್ಗದ ಬಟನ್ ಒತ್ತಲು ಒಳಗೆ ಹೋದಳು. ಓಣಿ ನಿಶ್ಶಬ್ದವಾಯಿತು. ತಂತಿಯ ಮೇಲಿನ ಕಾಗೆಯ ಕೂಗು ಕೇಳಿಸಿತು. ಕೇತಕಿಗೆ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಳ್ಳುವಷ್ಟು ಸಮಾಧಾನವಾಯಿತು. ಆ ಸಮಾಧಾನಕ್ಕೆ ಆಯುಷ್ಯವಿರಲಿಲ್ಲ.

ವಿಠೋಬಾನ ಕೈ ಗಾಳಿಯಲ್ಲೇ ನಿಂತಿತು. ಅರ್ಧ ಬಿಚ್ಚಿದ ಸೀರೆ ಜಾರಿ ಶೀಟಿನ ಮೇಲೆ ಬಿತ್ತು.

"ಯಾರ ಹೋದ್ರು?" ಎಂದ.

ಕೇತಕಿ ಸುತ್ತ ನೋಡಿದಳು. ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಗಂಡಸರು ಜಗುಲಿ ಇಳಿದು ಬಂದು ಕೈಕಟ್ಟಿ ನಿಂತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮೈಯೇ ಕಲಿತಿದ್ದ ಪಾಠ.

"ಏನಿದು?" ಎಂದು ಪಾಂಡಪ್ಪನನ್ನು ಕೇಳಿದಳು.

"ಲೈಟ ಹೋದ್ರ ಎಲ್ಲಾ ಮಗ್ಗಾ ಒಮ್ಮೇಲೆ ನಿಂದರ್ತಾವ್ರಿ. ಹಿಂಗ ಒಂದೊಂದ ಮನಿ ಹಿಡದು ನಿಂತ್ಕೋತ ಬಂದ್ರ, ಓಣ್ಯಾಗ ಯಾರೋ ತೀರ್ಯಾರಂತ. ಹೆಣಾ ಎತ್ತೂತನಕ ಯಾರೂ ಹಚ್ಚಂಗಿಲ್ಲ."

"ಮೊದಲ ಯಾಕ ಹೇಳಲಿಲ್ಲ?"

"ಪೊಲೀಸ್ರು ಬಂದ್ ಮಾಡಂದ್ರು, ಮಾಡಿದಿವಿ. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ."

ಮೇಲಿನಿಂದ ಇನ್ನೊಂದು ಕೂಗು ಬಂತು. "ಶೇವಂತೀ! ಶೇವಂತಿ ಎಲ್ಲಿ? ಕಾಣವಲ್ಲಳಲ್ಲೋ!" ಅವನು ಅಂಚಿನ ಕಡೆ ಓಡಿದ. ಚಟ್ ಎಂದು ಶೀಟು ಬಿರಿದು ಒಂದು ಕಾಲು ಮೊಣಕಾಲಿನ ತನಕ ಒಳಗೆ ಇಳಿಯಿತು. ಓಣಿಯೆಲ್ಲ ಒಂದೇ ಬಾಯಲ್ಲಿ "ಯಪ್ಪಾ" ಎಂದಿತು. ಶೇವಂತಿ ಶೆಡ್ಡಿನಿಂದ ಹೊರಗೆ ಬಿದ್ದಂತೆ ಓಡಿ ಬಂದಳು.

"ಇಲ್ಲೇ ಅದೇನಿ! ನನಗೇನೂ ಆಗಿಲ್ಲ! ಅಲುಗಬ್ಯಾಡ, ಅಲ್ಲೇ ನಿಂದರ!" ಎಂದಳು, ಅಳುತ್ತ.

ವಿಠೋಬಾ ಕಾಲೆಳೆದುಕೊಂಡು ಕೂತ. ಕೆಳಗಿನ ಜನವನ್ನು ನೋಡಿದ. ಸೆರಗು ಹೊದ್ದ ಹೆಂಗಸರನ್ನು, ಕೈಕಟ್ಟಿದ ಗಂಡಸರನ್ನು, ಅಳುತ್ತಿರುವ ಹೆಂಡತಿಯನ್ನು ಒಂದೊಂದಾಗಿ ನೋಡಿದ. ಆಮೇಲೆ ಲೆಕ್ಕ ಕೂಡಿಬಂದವನ ಹಾಗೆ ತಲೆಯಾಡಿಸಿದ.

"ಮಗ್ಗಾ ನಿಂತಾವ. ಮಂದಿ ಕೂಡೈತಿ. ನೀ ಅಳಾಕತ್ತಿ. ಹಂಗಾರ ಹೋದಾಂವ ನಾನ."

ಮಾತಿನಲ್ಲಿ ಕೇತಕಿಗೆ ಒಂದು ಬಿರುಕೂ ಸಿಗಲಿಲ್ಲ. ಅವಳು ಓದಿದ ತರ್ಕಶಾಸ್ತ್ರದ ಪಾಠಗಳು ಇಷ್ಟು ಬಿಗಿಯಾಗಿರಲಿಲ್ಲ. ವಿಠೋಬಾ ಎದ್ದು ನಿಂತ. ಈ ಸಲ ಕಾಲಿಡುವಲ್ಲಿ ನೋಡಲೇ ಇಲ್ಲ. ಸತ್ತವನಿಗೆ ಬೀಳುವ ಅಂಜಿಕೆ ಎಲ್ಲಿಯದು?

"ಗಿರಮಲ್ಲಪ್ಪಾ!" ಕೇತಕಿಯ ದನಿ ಸೈರನ್ನಿನ ಮಟ್ಟಕ್ಕೇರಿತ್ತು. "ಮಗ್ಗಾ ಹಚ್ಚಸ್ರಿ! ಇವರದೊಂದ ಬಿಟ್ಟು, ಎಲ್ಲಾ! ಒಮ್ಮೇಲೆ!"

"ಈಗರ ಬಂದ್ ಮಾಡಂದ್ರಿ..."

"ತಪ್ಪಾತು! ಹಚ್ಚಸ್ರಿ!"

ಗಿರಮಲ್ಲಪ್ಪನ ನೌಕರಿಯಲ್ಲಿ ಮೇಲಿನವರೊಬ್ಬರು ತಪ್ಪಾತು ಎಂದದ್ದು ಇದೇ ಮೊದಲು. ಆ ಆಶ್ಚರ್ಯವೇ ಅವನ ಕಾಲಿಗೆ ಗಾಲಿ ಕಟ್ಟಿತು. ಟೋಪಿ ಒಂದು ಕಡೆ, ತಾನೊಂದು ಕಡೆಯಾಗಿ ಓಣಿಯುದ್ದ ಓಡಿದ. "ಹಚ್ಚಲೇ! ಹಚ್ಚವ್ವಾ! ಕಾಕಾ, ಏನ ಕೈಕಟ್ಟಿ ನಿಂತಿ, ಯಾರೂ ಸತ್ತಿಲ್ಲ, ಹೋಗಿ ಮಗ್ಗಾ ಹಚ್ಚು!" ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಓಡಿದರು, ಪಾಂಡಪ್ಪ ಹಗ್ಗ ಎಸೆದು ಓಡಿದ. ಖಟ್ ಎಂದು ಒಂದು, ಖಟಪಟ ಎಂದು ಇನ್ನೊಂದು, ಆಮೇಲೆ ಬಲಗಡೆಯ ಸಾಲು, ಎಡಗಡೆಯ ಸಾಲು. ಇಡೀ ಓಣಿ ಮತ್ತೆ ಎದೆಬಡಿತಕ್ಕೆ ಬಂದಂತೆ ಗುಡುಗಿತು. ಕೇತಕಿಯ ಕಾಲ ಕೆಳಗಿನ ಫರಸಿ ಕಲ್ಲೂ ಕುಣಿಯಿತು.

ವಿಠೋಬಾ ನಿಂತಲ್ಲೇ ನಿಂತ. ಕಿವಿ ಕೊಟ್ಟ. ತನ್ನ ಎದೆಯ ಮೇಲೊಮ್ಮೆ ಕೈಯಿಟ್ಟು ನೋಡಿಕೊಂಡ. ಮುಖದಲ್ಲಿ ನಗೆ ಬಂತು. ಜೀವ ವಾಪಸು ಬಂದದ್ದಕ್ಕೆ ಅವನು ಮಾಡಿದ ಮೊದಲ ಕೆಲಸವೆಂದರೆ ಇನ್ನೊಂದು ಸೀರೆ ಎತ್ತಿಕೊಂಡದ್ದು.

ಈಗ ಮತ್ತೆ ಮಾತು ಕೇಳಿಸದು. ಕೇತಕಿ ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಶೇವಂತಿಯ ಕಿವಿಯಲ್ಲಿ ಕೇಳಿದಳು. "ಈ ಸಪ್ಪಳದಾಗ ನೀವಿಬ್ಬರೂ ಹೆಂಗ ಮಾತಾಡ್ತೀರಿ?"

"ಮಾತ ಎಲ್ಲಿದ್ರೀ? ಕೈ ಮಾಡ್ತೇವಿ."

"ಹಂಗಾರ ಮಾಡ್ರಿ. ಇಳದ ಬಾ ಅನ್ರಿ."

ಶೇವಂತಿ ಓಣಿಯ ನಡುವೆ ಬಂದು ನಿಂತು ಅಂಗೈ ತನ್ನ ಕಡೆ ಬಾಗಿಸಿದಳು. ವಿಠೋಬಾ ಮೇಲಿಂದ ಎರಡು ಮುಷ್ಟಿ ಒಂದರ ಮೇಲೊಂದು ಬಡಿದು ತೋರಿಸಿದ.

"ಕೆಲಸ ಐತಂತ."

"ಚಹಾ ಅನ್ರಿ."

ಶೇವಂತಿ ಹೆಬ್ಬೆರಳು ತುಟಿಗೆ ತಂದಳು. ವಿಠೋಬಾ ಬೆರಳು ಅವಳ ಕಡೆ ಚಾಚಿದ.

"ನೀ ಕುಡಿ ಅಂತಾರ," ಎಂದಳು ಶೇವಂತಿ, ಈ ಗಲಾಟೆಯಲ್ಲೂ ತುಸು ನಾಚಿ. ಗಂಡಹೆಂಡಿರ ಕೈಮಾತು ಹೀಗೆ ಬೀದಿಗೆ ಬಂದದ್ದು ಅವಳಿಗೆ ಸೀರೆಗಳು ಬಂದದ್ದಕ್ಕಿಂತ ಹೆಚ್ಚು ಸಂಕೋಚದ ಸಂಗತಿ.

"ಯಾವ ಮಾತಿಗೆ ಅವರು ಎಂದೂ ಇಲ್ಲ ಅಂದಿಲ್ಲ? ವಿಚಾರ ಮಾಡ್ರಿ."

ವಿಚಾರ ಮಾಡಬೇಕಾಗಲಿಲ್ಲ. "ಎಳಿ ಹರದೈತಿ ಅಂದ್ರ. ಉಣ್ಣಾಕ ಕುಂತಾಗ ಅಂದ್ರೂ ಕೈ ತೊಳದ ಬರ್ತಾರ್ರಿ. ಹರದ ಎಳಿ ಬಿಟ್ಟ ಕೂಡಾಕ ಆಗಂಗಿಲ್ಲ ಅವರಿಗೆ."

ಕೇತಕಿಯ ಕಣ್ಣು ಮಿಂಚಿತು, ಮರುಕ್ಷಣ ಕಳೆಗುಂದಿತು. "ಖರೆನ ಹರದದ ಏನು?"

"ಇಲ್ರಿ. ಛಲೋನ ಐತಿ."

"ಹಂಗಾರ ಬ್ಯಾಡ. ಸುಳ್ಳ ಹೇಳಿ ಇಳಸಿದ್ರ, ನಾಳೆ ಗುಳಿಗಿ ಕೊಟ್ಟಾಗ ಅದೂ ಸುಳ್ಳ ಅಂತಾರ. ನಿಮ್ಮನ್ನೂ ನಂಬೂದಿಲ್ಲ, ನನ್ನನ್ನೂ ನಂಬೂದಿಲ್ಲ."

ಆಗ ತಾನೇ ಓಡಿ ಬಂದು ತೇಕುತ್ತಿದ್ದ ಗಿರಮಲ್ಲಪ್ಪ ಕಣ್ಣರಳಿಸಿದ. "ಅಕ್ಕಾರ, ಒಂದ ಸುಳ್ಳರಿ! ಸಣ್ಣದು! ನಮ್ಮ ಖಾತೇದಾಗ ಅದನ್ನ ಸುಳ್ಳ ಅಂತ ಲೆಕ್ಕಕ್ಕ ಹಿಡ್ಯಂಗೂ ಇಲ್ಲ." ಅವನ ಫೋನು ಬಡಿದುಕೊಂಡಿತು. ಠಾಣೆಯ ಸಾಹೇಬರು. ಅಗ್ನಿಶಾಮಕದ ಗಾಡಿ ಹೊರಟಿದೆ, ಬಲೆ ತರುತ್ತಾರೆ, ಬಂದ ಕೂಡಲೇ ಹಿಡಿದು ಇಳಿಸಿರಿ ಎಂಬ ಅಪ್ಪಣೆ. ಕೇತಕಿಗೆ ಬಲೆಯೂ ಕಂಡಿತು, ಬಲೆ ಕಂಡು ವಿಠೋಬಾ ಓಡುವ ದಿಕ್ಕೂ ಕಂಡಿತು. ತಾನು ಕೊಟ್ಟ ಮಾತು ಈ ಓಣಿಯ ನೆಲಕ್ಕೆ ಬಿದ್ದದ್ದೂ ಕಂಡಿತು. ಇನ್ನೇನಾದರೂ ಕೇಳೋಣವೆಂದು ತಿರುಗಿದರೆ ಪಕ್ಕದಲ್ಲಿ ಶೇವಂತಿ ಇರಲಿಲ್ಲ.

ಅವಳು ಶೆಡ್ಡಿನೊಳಗಿನಿಂದ ಬರುತ್ತಿದ್ದಳು, ಬಿರಿದ ಶೀಟಿನ ಕೆಳಗಿನಿಂದಲೇ, ಕೈಯಲ್ಲಿ ಕತ್ತರಿ ಹಿಡಿದು. ಮುಖ ಹೆತ್ತ ಕೂಸಿಗೆ ಹೊಡೆದು ಬಂದವಳ ಹಾಗಿತ್ತು.

"ಅಂಗೈ ಅಗಲ ಹಾಸಿನ ಎಳಿ ಕಟ್ ಮಾಡೇನ್ರಿ," ಎಂದಳು. "ಈಗ ಖರೆ ಆತಲ್ಲ?"

ಕೇತಕಿ ತಲೆಯಾಡಿಸಿದಳು.

ಶೇವಂತಿ ಎರಡೂ ತೋರುಬೆರಳ ತುದಿ ಜೋಡಿಸಿ ಎತ್ತಿ ಹಿಡಿದಳು, ಫಟ್ಟನೆ ಬೇರೆ ಮಾಡಿದಳು.

ಮೇಲೆ ವಿಠೋಬಾನ ನಗೆ ಮಾಯವಾಯಿತು. ಹುಬ್ಬು ಏರಿಸಿದ. ಎಷ್ಟು?

ಶೇವಂತಿ ಅಂಗೈ ಅಗಲಿಸಿ ತೋರಿಸಿದಳು.

ವಿಠೋಬಾನ ಮುಖದಲ್ಲಿ ಚಿಂತೆ ಮೂಡಿತು. ಉನ್ಮಾದವಲ್ಲ, ಅಂಜಿಕೆಯಲ್ಲ, ದಿನಗೆಲಸದವನ ಚಿಂತೆ. ಅದಕ್ಕಿಂತ ಚೆಂದದ ಮುಖವನ್ನು ಕೇತಕಿ ಈ ನೌಕರಿಯಲ್ಲಿ ನೋಡಿರಲಿಲ್ಲ. ಅವನು ಕೈಯಲ್ಲಿದ್ದ ಸೀರೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಶೀಟಿನ ಬೋಲ್ಟುಗಳ ಸಾಲು ಹಿಡಿದು, ಕೆಳಗೆ ಕಬ್ಬಿಣದ ಪಟ್ಟಿ ಇರುವಲ್ಲೇ ಹೆಜ್ಜೆಯಿಟ್ಟು ನಡೆದ. ಸತ್ತವನು ಹೀಗೆ ನಡೆಯುವುದಿಲ್ಲ. ಓಣಿಯಲ್ಲಿ ಉಳಿದಿದ್ದ ಮೂವರೂ ಅವನ ಪಾದಗಳನ್ನೇ ನೋಡಿದರು. ಅವನು ಗೋಡೆಗೆ ಇಳಿದ, ಗೋಡೆಯಿಂದ ಪಕ್ಕದ ಮಾಳಿಗೆಗೆ ದಾಟಿದ. ಮೆಟ್ಟಿಲಿಳಿದು ಬಂದು ಆ ಮನೆಯ ಮುಂಬಾಗಿಲಿನಿಂದಲೇ, ತಲೆಗೆ ಪಟಗಾ ಸುತ್ತಿ, ನೆಂಟರ ಮನೆಯಿಂದ ಹೊರಟವನಂತೆ ಓಣಿಗೆ ಕಾಲಿಟ್ಟ.

ಯಾರನ್ನೂ ನೋಡದೆ ನೇರ ಶೆಡ್ಡಿಗೆ ನುಗ್ಗಿದ. ಶೀಟಿನ ಬಿರುಕಿನಿಂದ ಮಗ್ಗದ ಮೇಲೆ ಬಿಸಿಲಿನ ಗೆರೆ ಬಿದ್ದಿತ್ತು. ಅದರ ಬೆಳಕಿನಲ್ಲಿ ತುಂಡಾದ ಎಳೆಗಳನ್ನು ಎತ್ತಿ ನೋಡಿದ.

"ಯಾರ ಕಟ್ ಮಾಡಿದ್ದು?"

"ನಾನ," ಎಂದಳು ಶೇವಂತಿ.

"ಯಾಕ?"

"ನೀ ಇಳೀಲಿ ಅಂತ."

ವಿಠೋಬಾ ಹೆಂಡತಿಯನ್ನೂ ಕತ್ತರಿಯನ್ನೂ ನೋಡಿದ. "ಕತ್ರೀಲೇ ಹಿಂಗ ಬುಡಕ್ಕ ಕಟ್ ಮಾಡ್ತಾರೇನ? ಗಂಟ ಹಾಕಾಕ ತುದಿ ಎಲ್ಲಿಂದ ಸಿಗಬೇಕು? ತಲಿ ನೆಟ್ಟಗೈತಿಲ್ಲ ನಿಂದು?"

ಗಿರಮಲ್ಲಪ್ಪ ಬಾಗಿಲಲ್ಲಿ ನಿಂತು ಮೀಸೆಯೊಳಗೆ ಕೆಮ್ಮಿದ. ಕೇತಕಿ ತುಟಿ ಕಚ್ಚಿ ನೆಲ ನೋಡಿದಳು. ಶೇವಂತಿ ಮಾತ್ರ ಬಾಯಿ ತುಂಬ ನಕ್ಕಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದಂತೆ. "ಇಲ್ಲ ಬಿಡು, ಇವತ್ತೊಂದ ದಿನ ನಂದು ನೆಟ್ಟಗಿಲ್ಲ."

ಅವನು ಕೂತು ಗಂಟು ಹಾಕತೊಡಗಿದ. ಮೇಲೆ ಗಾಳಿಯಲ್ಲಿ ಹಾರುತ್ತಿದ್ದ ಕೈಗಳು ಇಲ್ಲಿ ಎಳೆಗೆ ಎಳೆ ಸೇರಿಸುತ್ತ ಸಣ್ಣಗೆ ಆಡಿದವು. ಕೇತಕಿ ಎದುರಿಗೆ ನೆಲದ ಮೇಲೆ ಕೂತಳು.

"ನೀವ್ಯಾರ್ರಿ? ಪೊಲೀಸರೇನು?"

"ಅಲ್ರಿ. ಜೀಪ ಅವರದು, ಮಾತ ನಂದು. ಎಷ್ಟ ದಿನ ಆತು ಮಲಗಿ?"

"ಮಲಗಿದ್ರ ಹೊಳಿ ಸೀರಿ ಯಾರ ನೇಯಬೇಕ್ರಿ?" ಕೈ ನಿಲ್ಲಲಿಲ್ಲ. ಇನ್ನೊಂದು ಗಂಟು ಬಿಗಿದು, "ತಲಿಯೊಳಗ ಮಗ್ಗ ನಿಂದ್ರಲೇ ಒಲ್ಲದು ನೋಡ್ರಿ. ಚಂದ ಇರ್ತೈತಿ. ಆದ್ರ ಬಟನ್ ಎಲ್ಲೈತೋ ಗೊತ್ತಾಗವಲ್ಲದು," ಎಂದ.

"ಅದನ್ನ ಹುಡಕೋ ಡಾಕ್ಟರ್ ಇದ್ದಾರ. ಗುಳಿಗಿ ಅವರು ಕೊಡ್ತಾರ. ನಾ ಕೂಡೇ ಇರ್ತೀನಿ. ನಡಕೋತ ಹೋಗೂಣು, ಹಗ್ಗ ಇಲ್ಲ. ಗಂಟ ಮುಗೀಲಿ."

ಹೊರಗೆ ಗಿರಮಲ್ಲಪ್ಪ ಫೋನಿನಲ್ಲಿ ಸಾಹೇಬರಿಗೆ ವರದಿ ಒಪ್ಪಿಸುತ್ತಿದ್ದ. "ಇಳದಾನ್ರಿ ಸರ್. ಬಲಿ ಬ್ಯಾಡ್ರಿ, ಗಾಡಿ ಹೊಳ್ಳಿ ಕಳಸ್ರಿ... ಈಗೇನ್ರಿ? ಈಗ ಎಳಿ ಜೋಡಸಾಕತ್ತಾನ್ರಿ... ಇಲ್ರಿ ಸರ್, ತಡಾ ಆಗತೈತಿ. ಅಂಗೈ ಅಗಲ ಐತ್ರಿ." ಫೋನು ಜೇಬಿಗೆ ಹಾಕಿ, ಮನೆಮನೆಯ ಬಾಗಿಲಿಗೆ ಹೋಗಿ ಇನ್ನೊಂದು ಕರ್ತವ್ಯಕ್ಕೆ ತೊಡಗಿದ. "ಹಿಡದ ಸೀರಿ ಹೊರಗ ತರ್ರಿ. ಯವ್ವಾ, ಎರಡ ಹಿಡದೀದಿ, ನಾ ನೋಡೇನಿ." ಸೀರೆಗಳು ಒಂದೊಂದಾಗಿ ಹೊರಗೆ ಬಂದವು, ಹಿಡಿದಾಗ ಇದ್ದ ಚುರುಕಿಲ್ಲದೆ.

ಗಂಟು ಮುಗಿದ ಮೇಲೆ ವಿಠೋಬಾ ಅಂಗಿ ತೊಟ್ಟ. ಹೊಸ್ತಿಲಲ್ಲಿ ನಿಂತು ಒಂದು ಕರಾರು ಹಾಕಿದ. "ನಾ ಹೋಗೂಮುಂದ ಒಂದೂ ಮಗ್ಗಾ ನಿಂದ್ರಬಾರದು."

ಈ ಸಲ ಕೇತಕಿ ಪಾಂಡಪ್ಪನನ್ನು ಕೇಳಿಕೊಂಡಳು. ಪಾಂಡಪ್ಪ ವಿಠೋಬಾನ ಮುಖ ನೋಡಲಾರದೆ ಬಾಗಿಲ ಪಕ್ಕ ಬಿದ್ದಿದ್ದ ಹಗ್ಗವನ್ನು ಕಾಲಲ್ಲಿ ಒಳಗೆ ಸರಿಸಿ, "ನಿಂದ್ರಂಗಿಲ್ಲ, ತಮ್ಮಾ. ನೀ ಆರಾಮ ಆಗಿ ಬಾ," ಎಂದು ತನ್ನ ಮಗ್ಗಕ್ಕೆ ಹೋದ.

ವಿಠೋಬಾ ಓಣಿಯ ನಡುವೆ ನಡೆದ. ಒಂದು ಬದಿಗೆ ಶೇವಂತಿ, ಇನ್ನೊಂದು ಬದಿಗೆ ಕೇತಕಿ, ಹಿಂದೆ ತೋಳಿನ ತುಂಬ ಸೀರೆ ಹೊತ್ತ ಹೆಡ್ ಕಾನ್ಸ್‌ಟೇಬಲ್. ಮಗ್ಗ ಓಡುತ್ತಿದ್ದರೆ ನೇಕಾರ ಅದನ್ನು ಬಿಟ್ಟು ಏಳುವಂತಿಲ್ಲ. ಸೀರೆ ಮರಳಿಸಿದ ಹೆಂಗಸರೂ ನಾಚಿ ಒಳಗೇ ಇದ್ದರು. ಹೀಗಾಗಿ ಜಗುಲಿಗಳೆಲ್ಲ ಖಾಲಿ, ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರ ಮುಂದೆ ನಡೆಸಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಿದ್ದ ಕೇತಕಿ, ಮಾತು ಅಷ್ಟರ ಮಟ್ಟಿಗೆ ತಪ್ಪಿದ್ದಕ್ಕೆ ಖುಷಿಪಟ್ಟಳು. ಗಂಡಹೆಂಡಿರು ಜೀಪಿನ ಹಿಂದೆ ಕೂತರು. ಕೇತಕಿ ಮುಂದಿನ ಸೀಟು ಬಿಟ್ಟು ಅವರೆದುರಿಗೆ ಹಿಂದೆಯೇ ಹತ್ತಿದಳು. ವತ್ಸಲಾಬಾಯಿಗೆ ಇದನ್ನು ಹೇಳುವ ಅಗತ್ಯವಿರಲಿಲ್ಲ.

ಗಿರಮಲ್ಲಪ್ಪ ಗಾಡಿ ಚಾಲೂ ಮಾಡಿದ. ರೂಢಿಯಂತೆ ಅವನ ಕೈ ಸೈರನ್ನಿನ ಬಟನ್ ಕಡೆ ಹೋಯಿತು. ಕೇತಕಿ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ವಿಠೋಬಾ ಅಂದ:

"ಬ್ಯಾಡ್ರಿ ಸಾಹೇಬ್ರ. ಮಗ್ಗದ ಸಪ್ಪಳ ಕೇಳಸಂಗಿಲ್ಲ."

ಓಣಿ ದಾಟಿ, ಮುಂದಿನ ಓಣಿಯೂ ದಾಟಿ, ಊರ ಹೊರಗಿನ ರಸ್ತೆಗೆ ಬೀಳುವ ತನಕ ಅವನು ಕಿವಿಗೊಟ್ಟು ಕೂತಿದ್ದ. ಒಂದೂ ನಿಂತಿರಲಿಲ್ಲ.